ಅಕ್ಷರ ಕಲಿತಾಯ್ತು, ಮುಂದೆ?

ಅಂದು ನಮ್ಮ ಕಲಿಕಾ ಕೇಂದ್ರದ ಕೊನೆಯ ದಿನ. ಅಂಗನವಾಡಿಯ ಜಗಲಿಯ ಮೇಲೆ ಎಲ್ಲರೂ ಕೂತಿದ್ದೆವು. ಪುಸ್ತಕದ ಕೊನೆಯ ಪುಟ ಓದಿ ಆಗಿತ್ತು. ಎಲ್ಲರಿಗೂ ಮಂಡಕ್ಕಿ ಹಂಚಿದ್ದೂ ಆಗಿತ್ತು. ಸ್ಲೇಟುಗಳನ್ನು ಒರೆಸಿ ಒಂದರ ಮೇಲೊಂದು ಜೋಡಿಸುತ್ತಿದ್ದೆ. ಆಗ ಹೂ ಕಟ್ಟುವ ಅಕ್ಕ ಕೇಳಿದರು.

"ಟೀಚರೇ, ನಾಳೆ ಎಷ್ಟು ಗಂಟೆಗೆ ಬರೋದು?"

"ನಾಳೆ ಕ್ಲಾಸ್ ಇಲ್ಲ ಅಕ್ಕ. ಪುಸ್ತಕ ಮುಗೀತಲ್ಲ."

"ಪುಸ್ತಕ ಮುಗೀತು. ನನ್ನ ಓದು ಎಲ್ಲಿ ಮುಗೀತು? ಈಗಿನ್ನೂ ಒಂದೊಂದೇ ಅಕ್ಷರ ಕೂಡಿಸ್ತಾ ಇದೀನಿ. ಒತ್ತಕ್ಷರ ಬಂದ್ರೆ ಅಲ್ಲೇ ನಿಂತುಬಿಡ್ತೀನಿ. ಈಗ ಬಿಟ್ರೆ ಎಲ್ಲಾ ಮರ್ತೋಗುತ್ತೆ."

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. "ಮನೇಲಿ ಓದ್ಕೊಳ್ಳಿ ಅಕ್ಕ" ಎಂದೆ.

"ಏನು ಓದೋದು? ಮನೇಲಿ ಪುಸ್ತಕ ಎಲ್ಲಿದೆ? ಕೊಳ್ಳೋಕೆ ದುಡ್ಡು ಎಲ್ಲಿದೆ?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಈ ಪಾಠ ಅವರಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಅಕ್ಷರ ಮರೆಯುತ್ತದೆಯೇ?

ಹೌದು, ಮರೆಯುತ್ತದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

1990ರ ದಶಕದಲ್ಲಿ ನಮ್ಮ ರಾಜ್ಯದ ಜಿಲ್ಲೆ ಜಿಲ್ಲೆಯಲ್ಲೂ ಸಾಕ್ಷರತಾ ಆಂದೋಲನ ನಡೆಯಿತು. ಊರೂರಲ್ಲಿ ಜಾಥಾ ಬಂತು. ಬೀದಿ ನಾಟಕ ಬಂತು. ಲಾಟೀನು ಹಚ್ಚಿಕೊಂಡು ಹೆಂಗಸರು ಓದಲು ಕೂತರು. ನಮ್ಮ ದೊಡ್ಡಮ್ಮನೂ ಹಾಗೆ ಕೂತವರಲ್ಲಿ ಒಬ್ಬರು. ಆರು ತಿಂಗಳಲ್ಲಿ ಬಸ್ಸಿನ ಬೋರ್ಡು ಓದುವಷ್ಟು ಕಲಿತರು. ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದರು. ಆ ದಿನ ಮನೆಯಲ್ಲಿ ಪಾಯಸ ಮಾಡಿದ್ದರು.

ಆಮೇಲೆ ಕ್ಲಾಸು ನಿಂತಿತು. ಮನೆಯಲ್ಲಿ ಓದಲು ಏನೂ ಇರಲಿಲ್ಲ. ಒಂದು ವರ್ಷ ಹೋಯಿತು, ಐದು ವರ್ಷ ಹೋಯಿತು. ಸಹಿ ಮಾತ್ರ ಕೈಗೆ ರೂಢಿಯಾಗಿ ಉಳಿಯಿತು. ಓದು ಹೋಯಿತು. ಒಮ್ಮೆ ಸಂಘದಲ್ಲಿ ಸಾಲದ ಲೆಕ್ಕ ಬರೆದ ಹಾಳೆ ಮುಂದೆ ಇಟ್ಟರು. ದೊಡ್ಡಮ್ಮ ಸಹಿ ಹಾಕಿದರು. ಅವರು ಕಟ್ಟಿದ ಮೂರು ಕಂತು ಅದರಲ್ಲಿ ಬರೆದೇ ಇರಲಿಲ್ಲ. ತಿಳಿಯುವ ಹೊತ್ತಿಗೆ ತಡವಾಗಿತ್ತು. "ಸಹಿ ನಿಮ್ಮದೇ ಅಲ್ವಾ?" ಎಂದರು. ಹೌದು, ಸಹಿ ಅವರದೇ.

"ಹೆಬ್ಬೆಟ್ಟು ಒತ್ತೋವಾಗ ಯಾರನ್ನಾದ್ರೂ ಕೇಳಿ ಒತ್ತುತಿದ್ದೆ. ಸಹಿ ಕಲಿತ ಮೇಲೆ ಕೇಳೋಕೆ ನಾಚಿಕೆ ಆಯ್ತು" ಅಂದರು ದೊಡ್ಡಮ್ಮ. ಈ ಮಾತು ನನಗೆ ಇಂದಿಗೂ ಚುಚ್ಚುತ್ತದೆ.

ಕುಡುಗೋಲು ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಓದೂ ಹಾಗೆಯೇ. ದಿನಕ್ಕೆ ಹತ್ತು ನಿಮಿಷವಾದರೂ ಕಣ್ಣಿಗೆ ಅಕ್ಷರ ಬೀಳಬೇಕು.

ಒಲೆಯ ಮುಂದೆ ಓದಿದ ತಾಯಿ

"ಹತ್ತು ನಿಮಿಷ ಎಲ್ಲಿಂದ ತರೋದು? ಬೆಳಗ್ಗೆ ಎದ್ರೆ ನೀರು, ಕಸ, ತಿಂಡಿ, ಮಕ್ಕಳು, ಕೂಲಿ. ರಾತ್ರಿ ಪಾತ್ರೆ." ಹೀಗೆ ನೀವು ಕೇಳಬಹುದು. ಅದಕ್ಕೆ ಒಬ್ಬ ತಾಯಿಯ ಕಥೆ ಹೇಳುತ್ತೇನೆ. ನಮ್ಮ ಕಡೆಯದಲ್ಲ. ದೂರದ ಬಂಗಾಳದ್ದು. ಆದರೆ ಒಲೆ, ಹೊಗೆ, ಮಕ್ಕಳು ಎಲ್ಲಾ ಕಡೆ ಒಂದೇ.

ಆಕೆಯ ಹೆಸರು ರಾಸಸುಂದರಿ ದೇವಿ. ಇನ್ನೂರು ವರ್ಷದ ಹಿಂದಿನವರು. ಹುಟ್ಟಿದ್ದು ಈಗ ಬಾಂಗ್ಲಾದೇಶಕ್ಕೆ ಸೇರಿರುವ ಪಾಬ್ನಾ ಸೀಮೆಯ ಒಂದು ಹಳ್ಳಿಯಲ್ಲಿ. ಹನ್ನೆರಡನೆಯ ವಯಸ್ಸಿಗೆ ಮದುವೆ ಆಯಿತು. ದೊಡ್ಡ ಸಂಸಾರ. ಮೇಲಿಂದ ಮೇಲೆ ಮಕ್ಕಳು. ಹಗಲೆಲ್ಲ ಅಡಿಗೆ. ಕೆಲವು ದಿನ ಅವರಿಗೇ ಊಟಕ್ಕೆ ಬಿಡುವು ಸಿಗುತ್ತಿರಲಿಲ್ಲ. ಆ ಕಾಲದಲ್ಲಿ ಹೆಂಗಸು ಓದಿದರೆ ಗಂಡ ಸಾಯುತ್ತಾನೆ ಎಂದು ಜನ ನಂಬಿದ್ದರು. ಹೆಂಗಸಿನ ಕೈಯಲ್ಲಿ ಕಾಗದ ಕಂಡರೂ ಹಿರಿಯರು ಸಿಟ್ಟಾಗುತ್ತಿದ್ದರು.

ಆದರೂ ಅವರಿಗೆ ಓದುವ ಆಸೆ. ಚಿಕ್ಕಂದಿನಲ್ಲಿ ಅವರ ತವರುಮನೆಯಲ್ಲಿ ಹುಡುಗರಿಗೆ ಪಾಠ ನಡೆಯುತ್ತಿತ್ತು. ಇವರು ಪಕ್ಕದಲ್ಲಿ ಸುಮ್ಮನೆ ಕೂತು ಕೇಳುತ್ತಿದ್ದರು. ಅಷ್ಟೇ ಅವರಿಗೆ ಸಿಕ್ಕಿದ ಶಾಲೆ.

ಅವರಿಗೆ ಸುಮಾರು ಇಪ್ಪತ್ತೈದು ವರ್ಷವಾದಾಗ ಒಂದು ದಿನ ಗಂಡನ ಚೈತನ್ಯ ಭಾಗವತ ಪುಸ್ತಕ ಕೈಗೆ ಸಿಕ್ಕಿತು. ಅದರಿಂದ ಒಂದು ಹಾಳೆ ಮೆಲ್ಲಗೆ ತೆಗೆದುಕೊಂಡರು. ಅಡಿಗೆಮನೆಯಲ್ಲಿ ಬಚ್ಚಿಟ್ಟರು. ದೊಡ್ಡ ಮಗ ಅಕ್ಷರ ತಿದ್ದಿ ಎಸೆದ ತಾಳೆಗರಿ ಒಂದನ್ನೂ ಎತ್ತಿಟ್ಟುಕೊಂಡರು. ಒಲೆಯ ಮೇಲೆ ಅಡಿಗೆ ಬೇಯುವಾಗ ಸೆರಗಿನ ಮರೆಯಲ್ಲಿ ಆ ಹಾಳೆ ನೋಡುವುದು. ಆಮೇಲೆ ತಾಳೆಗರಿ ನೋಡುವುದು. ಇಲ್ಲಿನ ಅಕ್ಷರ ಅಲ್ಲಿ ಇದೆಯೇ? ಜನರ ಮಾತಿನಲ್ಲಿ ಆ ಸದ್ದು ಬರುತ್ತದೆಯೇ? ಹೀಗೆ ಹೊಂದಿಸಿ ಹೊಂದಿಸಿ, ಬಹಳ ಕಾಲ ತೆಗೆದುಕೊಂಡು, ಓದಲು ಕಲಿತರು. ಬರೆಯಲು ಕಲಿತದ್ದು ಇನ್ನೂ ಎಷ್ಟೋ ವರ್ಷ ಆದ ಮೇಲೆ.

ಮುಂದೆ ಅವರೇ ತಮ್ಮ ಬದುಕಿನ ಕಥೆ ಬರೆದರು. ಅದರ ಹೆಸರು 'ಅಮಾರ್ ಜೀಬನ್'. ಎಂದರೆ 'ನನ್ನ ಬದುಕು'. ಬಂಗಾಳಿ ಭಾಷೆಯಲ್ಲಿ ಬಂದ ಮೊದಲ ಆತ್ಮಕಥೆ ಅದು ಎಂದು ಹೇಳುತ್ತಾರೆ. ಓದು ಬರಹ ಬಲ್ಲ ಗಂಡಸರ ನಡುವೆ, ಒಲೆಯ ಮುಂದೆ ಕದ್ದು ಕಲಿತ ತಾಯಿ ಅದನ್ನು ಬರೆದರು.

ಅವರ ಹತ್ತಿರ ಇದ್ದದ್ದು ಎರಡೇ ವಸ್ತು. ಒಂದು ಹಾಳೆ. ಮಗ ಎಸೆದ ಒಂದು ಗರಿ. ಈಗ ನಮ್ಮ ಮನೆಯೊಳಗೆ ಏನೇನಿದೆ, ಸ್ವಲ್ಪ ಹುಡುಕೋಣ.

ಮನೆಯೊಳಗಿನ ಪುಸ್ತಕ

ಮೊದಲು ಮಕ್ಕಳ ಚೀಲ ತೆಗೆಯಿರಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಉಚಿತವಾಗಿ ಕೊಡುತ್ತಾರೆ. ಒಂದನೇ ತರಗತಿಯಿಂದ ಮೂರನೇ ತರಗತಿವರೆಗೆ ನಲಿ-ಕಲಿ ಇದೆ. ಅದು ಮೊದಲು ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಚಿತ್ರ ನೋಡಿ ಪದ ಹೇಳುವುದು, ಆಟ ಆಡುತ್ತಾ ಕಲಿಯುವುದು ಅದರ ರೀತಿ. ಹೊಸದಾಗಿ ಓದು ಕಲಿತವರಿಗೆ ಅದು ಬಹಳ ಹೊಂದುತ್ತದೆ. ಎರಡನೇ ತರಗತಿಯ ಕನ್ನಡ ಪುಸ್ತಕದಿಂದ ಶುರು ಮಾಡಿ. ಸುಲಭ ಅನ್ನಿಸಿದರೆ ಮೂರನೆಯದಕ್ಕೆ ಹೋಗಿ. ಹೋದ ವರ್ಷದ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಕಿಲೋಗೆ ಸಿಗುವ ನಾಲ್ಕು ಕಾಸಿಗಿಂತ ಅದು ನಿಮಗೆ ಹೆಚ್ಚು ಬೆಲೆಯದು.

ಹೂ ಕಟ್ಟುವ ಅಕ್ಕನಿಗೆ ಇದು ಮೊದಲು ಒಪ್ಪಿಗೆ ಆಗಲಿಲ್ಲ.

"ಮಗನ ಹತ್ರ ಕಲಿಯೋದಾ? ಅವನು ನಗ್ತಾನೆ."

"ನಕ್ಕರೆ ನಗಲಿ ಬಿಡಿ. ಅವನಿಗೆ ಮಾತು ಕಲಿಸಿದ್ದು ಯಾರು?"

"ನಾನೇ."

"ಅವನು ತೊದಲಿದಾಗ ನೀವು ನಗಲಿಲ್ವಾ?"

ಅಕ್ಕ ನಕ್ಕರು. ಮರುದಿನ ಮಗನನ್ನು ಕರೆದು, "ಲೋ, ನಿನ್ ಪಾಠ ನಂಗೆ ಓದಿ ಹೇಳು. ಆಮೇಲೆ ನಾನು ಓದ್ತೀನಿ. ತಪ್ಪು ಹೇಳಿದ್ರೆ ತಿದ್ದು" ಎಂದರಂತೆ. ಹುಡುಗನಿಗೆ ಖುಷಿಯೋ ಖುಷಿ. ಅಮ್ಮನಿಗೆ ಮೇಷ್ಟ್ರಾದೆ ಎಂದು ಬೀದಿಗೆಲ್ಲ ಸಾರಿದ. ಅದರಿಂದ ಅವನ ಓದೂ ಸುಧಾರಿಸಿತು. ಬೇರೆಯವರಿಗೆ ಹೇಳಿಕೊಡಲು ಹೋದಾಗ ನಮಗೆ ಚೆನ್ನಾಗಿ ಬರುತ್ತದೆ. ಇದು ನನ್ನ ಅನುಭವ ಕೂಡ. ಹಳೆಗನ್ನಡದ ಪದ್ಯ ಬಂದಾಗ ಮಾತ್ರ ತಾಯಿ ಮಗ ಇಬ್ಬರೂ ನನ್ನ ಹತ್ತಿರ ಓಡಿ ಬರುತ್ತಾರೆ. ನನಗೂ ಬೆವರುತ್ತದೆ.

ಮಕ್ಕಳ ಪುಸ್ತಕ ಬಿಟ್ಟರೂ ಮನೆಯಲ್ಲಿ ಓದಲು ಬೇಕಾದಷ್ಟಿದೆ. ನಿಮ್ಮ ತಾಯಿ ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೀರಾ? ತೆಗೆಯಿರಿ. ಅದರಲ್ಲಿ ಮಗುವಿನ ಚುಚ್ಚುಮದ್ದಿನ ಪಟ್ಟಿ ಇದೆ. ಹುಟ್ಟಿದಾಗ ಒಮ್ಮೆ. ಆಮೇಲೆ ಆರು ವಾರ, ಹತ್ತು ವಾರ, ಹದಿನಾಲ್ಕು ವಾರ. ಒಂಬತ್ತು ತಿಂಗಳು ತುಂಬಿದಾಗ ದಡಾರದ ಚುಚ್ಚುಮದ್ದು. ಯಾವುದು ಆಗಿದೆ, ಯಾವುದು ಬಾಕಿ? ಬೆರಳಿಟ್ಟು ನೀವೇ ಓದಿ. ಆಶಾ ಕಾರ್ಯಕರ್ತೆ ಬಂದು ಹೇಳುವ ತನಕ ಕಾಯಬೇಡಿ.

ಮಗುವಿಗೆ ಭೇದಿ ಆದಾಗ ಕೊಡುವ ಓಆರ್‌ಎಸ್ ಪೊಟ್ಟಣವನ್ನೂ ಓದಿ. ದೊಡ್ಡ ಪೊಟ್ಟಣವನ್ನು 1 ಲೀಟರ್ ನೀರಿಗೆ ಹಾಕಬೇಕು. ಅಂಗಡಿಯಲ್ಲಿ 200 ಮಿಲಿಲೀಟರಿಗೆ ಹಾಕುವ ಚಿಕ್ಕ ಪೊಟ್ಟಣವೂ ಸಿಗುತ್ತದೆ. ಎರಡೂ ನೋಡಲು ಒಂದೇ ಥರ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಇಲ್ಲಿ ಒಂದು ಅಂಕಿ ಓದುವುದೂ ಜೀವದ ಮಾತು.

ನಿಮ್ಮ ದುಡ್ಡಿನ ಗ್ರಂಥಾಲಯ

ಈಗ ಮನೆ ಕಂದಾಯದ ರಸೀದಿ ತೆಗೆಯಿರಿ. ಪಂಚಾಯಿತಿಯಲ್ಲಿ ಕಂದಾಯ ಕಟ್ಟಿದಾಗ ಕೊಟ್ಟ ಚೀಟಿ ಅದು. ಅದರಲ್ಲಿ ಮನೆ ತೆರಿಗೆಯ ಕೆಳಗೆ ಬೇರೆ ಬೇರೆ ಕರಗಳು ಇರುತ್ತವೆ. ಆರೋಗ್ಯ ಕರ, ಶಿಕ್ಷಣ ಕರ ಎಂದೆಲ್ಲ. ಅಲ್ಲಿ ಈ ಪದ ಹುಡುಕಿ:

ಗ್ರಂ – ಥಾ – ಲ – ಯ  ಕ – ರ

ಸಿಕ್ಕಿತೇ? ಮನೆ ತೆರಿಗೆ ನೂರು ರೂಪಾಯಿ ಇದ್ದರೆ, ಅದರ ಮೇಲೆ ಆರು ರೂಪಾಯಿ ಗ್ರಂಥಾಲಯ ಕರ. ನಿಮ್ಮ ಮನೆಯ ತೆರಿಗೆ 400 ರೂಪಾಯಿ ಎಂದುಕೊಳ್ಳಿ. ನಾಲ್ಕು ಆರಲ ಇಪ್ಪತ್ತನಾಲ್ಕು. ವರ್ಷಕ್ಕೆ 24 ರೂಪಾಯಿ. ಐದು ವರ್ಷಕ್ಕೆ 120 ರೂಪಾಯಿ. ಇಷ್ಟು ದುಡ್ಡನ್ನು ನೀವು ಪುಸ್ತಕಕ್ಕಾಗಿ ಕೊಟ್ಟಿದ್ದೀರಿ.

ಈ ಲೆಕ್ಕ ಹಾಕಿದ ದಿನ ಜಗಲಿಯ ಮೇಲೆ ಗದ್ದಲವೋ ಗದ್ದಲ.

"ಅಯ್ಯೋ! ಇಷ್ಟು ವರ್ಷ ಕಟ್ಟಿದೀವಿ. ಒಂದು ದಿನಾನೂ ಒಳಗೆ ಕಾಲಿಟ್ಟಿಲ್ಲ."

"ಅದು ಗಂಡಸರು ಪೇಪರ್ ಓದೋ ಜಾಗ ಅಂದ್ಕೊಂಡಿದ್ದೆ ಕಣೇ."

1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಆಯಿತು. ಆಗ ರಾಜ್ಯದ ಹೆಸರು ಮೈಸೂರು. ಈಗ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯ ಇದೆ. 2019ರಲ್ಲಿ ಇವನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಈಗ ಇವನ್ನು 'ಅರಿವು ಕೇಂದ್ರ' ಎಂದು ಕರೆಯುತ್ತಾರೆ. ಬೋರ್ಡಿನ ಮೇಲೆ ಆ ಹೆಸರು ಇರಬಹುದು. ಹಲವು ಕಡೆ ಕಂಪ್ಯೂಟರು ಕೂಡ ಇದೆ. ಹೆಣ್ಣು ಗಂಡು ಎಂಬ ಭೇದ ಅಲ್ಲಿಲ್ಲ. ಒಳಗೆ ಕೂತು ಓದಲು ದುಡ್ಡು ಕೊಡಬೇಕಿಲ್ಲ. ಪುಸ್ತಕ ಮನೆಗೆ ತರಬೇಕಾದರೆ ಸದಸ್ಯರಾಗಬೇಕು. ಅದಕ್ಕೆ ಏನು ಬೇಕು ಎಂದು ಅಲ್ಲಿನ ಮೇಲ್ವಿಚಾರಕರನ್ನು ಕೇಳಿ.

ನಾವು ನಾಲ್ಕು ಜನ ಒಟ್ಟಿಗೆ ಹೋದೆವು. ಒಬ್ಬೊಬ್ಬರೇ ಹೋಗಲು ಮುಜುಗರ. ಒಳಗೆ ಮೂವರು ಗಂಡಸರು ಪೇಪರು ಹಿಡಿದು ಕೂತಿದ್ದರು. ತಲೆ ಎತ್ತಿ ನೋಡಿದರು. ಹೂ ಕಟ್ಟುವ ಅಕ್ಕ ಬಾಗಿಲಲ್ಲೇ ನಿಂತರು. ಮೇಲ್ವಿಚಾರಕರು, "ಏನ್ ಬೇಕಮ್ಮ? ಪಂಚಾಯ್ತಿ ಆಫೀಸು ಪಕ್ಕದಲ್ಲಿದೆ" ಎಂದರು.

"ಪಂಚಾಯ್ತಿ ಬೇಡ ಸಾರ್. ಪುಸ್ತಕ ಬೇಕು" ಎಂದರು ಅಕ್ಕ.

ಅವರು ಒಂದು ದಪ್ಪ ಕಾದಂಬರಿ ತಂದುಕೊಟ್ಟರು. ಅಕ್ಕನ ಮುಖ ಸಪ್ಪಗಾಯಿತು. ಇಲ್ಲಿ ನಾವೇ ಬಾಯಿ ಬಿಟ್ಟು ಕೇಳಬೇಕು. "ಸಾರ್, ನಾವು ಹೊಸದಾಗಿ ಓದು ಕಲಿತವರು. ತೆಳ್ಳಗಿನ ಪುಸ್ತಕ ಕೊಡಿ. ದೊಡ್ಡ ಅಕ್ಷರದ್ದು ಕೊಡಿ" ಎಂದು ಹೇಳಬೇಕು. ಮಕ್ಕಳ ಕಪಾಟಿನಲ್ಲಿ ಅಂಥವು ಸಿಗುತ್ತವೆ. ನ್ಯಾಷನಲ್ ಬುಕ್ ಟ್ರಸ್ಟಿನವರ ನೆಹರು ಬಾಲ ಪುಸ್ತಕಾಲಯ ಎಂಬ ಮಾಲೆಯ ಪುಸ್ತಕಗಳು ಒಳ್ಳೆಯವು. ಚಿತ್ರ ಇವೆ, ತೆಳ್ಳಗಿವೆ. ಮಕ್ಕಳ ಪುಸ್ತಕ ಎಂದು ಸಂಕೋಚ ಬೇಡ. ಜನಪದ ಕಥೆಗಳು, ಅಡಿಗೆ ಪುಸ್ತಕ, ಆರೋಗ್ಯದ ಪುಸ್ತಕ ಕೂಡ ಕೇಳಿ. ಅಡಿಗೆ ಪುಸ್ತಕ ಓದಲು ಬಹಳ ಸುಲಭ. ಯಾಕೆಂದರೆ ಮುಂದಿನ ಮಾತು ಏನು ಬರುತ್ತದೆ ಎಂದು ನಿಮಗೆ ಮೊದಲೇ ಗೊತ್ತು. ಒಗ್ಗರಣೆಗೆ ಸಾಸಿವೆ ಆದ ಮೇಲೆ ಕರಿಬೇವು ತಾನೇ ಬರಬೇಕು?

ದಿನಪತ್ರಿಕೆಯಲ್ಲಿ ಮೊದಲು ದಪ್ಪಕ್ಷರದ ತಲೆಬರಹ ಮಾತ್ರ ಓದಿ. ಒಳಗಿನ ಸಣ್ಣಕ್ಷರಕ್ಕೆ ಈಗಲೇ ಕೈ ಹಾಕಬೇಡಿ. ದಿನಕ್ಕೆ ಒಂದು ತಲೆಬರಹದಲ್ಲಿ ಒತ್ತಕ್ಷರ ಎಷ್ಟಿವೆ ಎಣಿಸಿ. ಕ್ಕ, ತ್ತ, ಲ್ಲ ಇವು ಬೇಗ ಬರುತ್ತವೆ. ಷ್ಟ್ರ, ಸ್ತ್ರ ಬಂದರೆ ಪಕ್ಕದವರನ್ನು ಕೇಳಿ. 'ಸ್ತ್ರೀ' ಎಂಬ ಪದದಲ್ಲೇ ಎರಡು ಒತ್ತು ಇದೆ. ನಮ್ಮ ಹೆಸರನ್ನೇ ಇಷ್ಟು ಕಷ್ಟ ಮಾಡಿಟ್ಟಿದ್ದಾರಲ್ಲ ಎಂದು ಕ್ಲಾಸಿನಲ್ಲಿ ಒಬ್ಬ ಅಜ್ಜಿ ಬೈದಿದ್ದರು!

ಗ್ರಂಥಾಲಯದ ಬಾಗಿಲು ಸದಾ ಮುಚ್ಚಿದ್ದರೆ? ನೀವು ಕೂಲಿಯಿಂದ ಬರುವ ಹೊತ್ತಿಗೆ ಬೀಗ ಹಾಕಿದ್ದರೆ? ಸುಮ್ಮನೆ ವಾಪಸು ಬರಬೇಡಿ. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ, ಎಂದರೆ ಪಿಡಿಒ ಅವರಿಗೆ, ಅರ್ಜಿ ಕೊಡಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಅಲ್ಲಿ ಎದ್ದು ನಿಂತು ಕೇಳಿ. ಅರ್ಜಿ ಬರೆಯುವುದು ಹೇಗೆ ಎಂದು ಈ ಪಾಠದ ಕೊನೆಯಲ್ಲಿದೆ.

ಕಿವಿಯಿಂದಲೂ ಕಲಿಯಬಹುದು

ಕೈ ಕೆಲಸದಲ್ಲಿರುವಾಗ ಕಿವಿ ಖಾಲಿ ಇರುತ್ತದೆ. ಆಕಾಶವಾಣಿ ಕೇಳಿ. ಆಕಾಶವಾಣಿ ಎಂಬ ಹೆಸರು ನಮ್ಮ ಮೈಸೂರಿನದು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು ಅಲ್ಲಿ ತಮ್ಮ ಸ್ವಂತ ಬಾನುಲಿ ಕೇಂದ್ರ ಶುರು ಮಾಡಿದರು. ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು. ಮುಂದೆ ದೇಶದ ರೇಡಿಯೋಗೆಲ್ಲ ಅದೇ ಹೆಸರಾಯಿತು. ಕೃಷಿ, ಆರೋಗ್ಯ, ವಾರ್ತೆ ಎಲ್ಲ ಅದರಲ್ಲಿ ಬರುತ್ತದೆ. ಕೇಳಿದ ಒಂದು ಹೊಸ ಪದವನ್ನು ರಾತ್ರಿ ಸ್ಲೇಟಿನ ಮೇಲೆ ಬರೆದು ನೋಡಿ. ಸಾಕು.

ಮೊಬೈಲಿನೊಳಗಿನ ಪುಸ್ತಕ

ಈಗ ಎಷ್ಟೋ ಮನೆಯಲ್ಲಿ ಮೊಬೈಲ್ ಫೋನ್ ಇದೆ. ಗಂಡನದೋ ಮಗನದೋ ಇರುತ್ತದೆ. ರಾತ್ರಿ ಕಾಲು ಗಂಟೆ ಕೇಳಿ ಪಡೆಯಿರಿ. ಫೋನಿನೊಳಗೆ ಬರೀ ಸಿನಿಮಾ ಹಾಡು ಅಲ್ಲ, ಪುಸ್ತಕವೂ ಇದೆ.

ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ 'ಸ್ಟೋರಿವೀವರ್' ಎಂಬುದನ್ನು ಶುರು ಮಾಡಿದರು. ಕನ್ನಡದಲ್ಲಿ ಬೇಕಾದಷ್ಟು ಚಿತ್ರಕಥೆಗಳು ಅದರಲ್ಲಿವೆ. ದುಡ್ಡಿಲ್ಲ. ಅದರಲ್ಲಿ ಹಂತಗಳಿವೆ. ಒಂದನೇ ಹಂತದಲ್ಲಿ ಒಂದು ಪುಟಕ್ಕೆ ಒಂದೆರಡು ಸಾಲು ಮಾತ್ರ. ನಾಲ್ಕನೇ ಹಂತಕ್ಕೆ ಬರುವಾಗ ಕಥೆ ಉದ್ದವಾಗುತ್ತದೆ. ಹೊಸದಾಗಿ ಕಲಿತವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮಗುವನ್ನು ಮಲಗಿಸುವಾಗ ಒಂದು ಕಥೆ ಓದಿ ಹೇಳಿ. ಮಗುವಿಗೆ ಕಥೆ ಆಯಿತು, ನಿಮಗೆ ಪಾಠ ಆಯಿತು.

ಮಕ್ಕಳ ಪಠ್ಯಪುಸ್ತಕದ ಪುಟದಲ್ಲಿ ಒಂದು ಸಣ್ಣ ಚೌಕ ಇರುತ್ತದೆ. ಅದರೊಳಗೆ ಕಪ್ಪು ಬಿಳಿ ಚುಕ್ಕೆಗಳು. ರಂಗೋಲಿ ಚೆಲ್ಲಿಹೋದ ಹಾಗೆ ಕಾಣುತ್ತದೆ. ಅದನ್ನು ಕ್ಯೂಆರ್ ಕೋಡ್ ಎನ್ನುತ್ತಾರೆ. 2017ರಲ್ಲಿ ಶುರುವಾದ 'ದೀಕ್ಷಾ' ಎಂಬ ಆ್ಯಪ್ ತೆರೆದು ಆ ಚೌಕಕ್ಕೆ ಫೋನ್ ಹಿಡಿದರೆ, ಪಾಠಕ್ಕೆ ಸೇರಿದ ಚಿತ್ರ, ಮಾತು, ವಿಡಿಯೋ ಬರುತ್ತವೆ. ಇದೂ ಉಚಿತ. ಮೊದಲ ಸಲ ಮಕ್ಕಳ ಹತ್ತಿರವೋ ಶಾಲೆಯ ಟೀಚರ ಹತ್ತಿರವೋ ತೋರಿಸಿಕೊಳ್ಳಿ.

ಇನ್ನು 'ಕಣಜ' ಇದೆ. ಇದು ಕರ್ನಾಟಕ ಸರ್ಕಾರದ ಕನ್ನಡ ಜ್ಞಾನಕೋಶ. ಸ್ವಲ್ಪ ಸರಾಗವಾಗಿ ಓದಲು ಬಂದ ಮೇಲೆ ಇದಕ್ಕೆ ಹೋಗಿ. ಮೊದಲೇ ಹೋದರೆ ಬೇಸರವಾಗುತ್ತದೆ. ಬೆರಳಲ್ಲಿ ಬರೆಯಲು ಕಷ್ಟವಾದರೆ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿ. ನೀವು ಹೇಳಿದ್ದು ಅಕ್ಷರವಾಗಿ ಮೂಡುತ್ತದೆ. ನಿಮ್ಮ ಮಾತು ಬರಹದಲ್ಲಿ ಹೇಗಿರುತ್ತದೆ ಎಂದು ನೋಡುವುದೇ ಒಂದು ಪಾಠ. ಅದು ತಪ್ಪು ಬರೆದರೆ ನೀವು ಕಂಡುಹಿಡಿಯಿರಿ. ನಮ್ಮ ಹಳ್ಳಿ ಮಾತಿಗೆ ಅದು ಆಗಾಗ ತಬ್ಬಿಬ್ಬಾಗುತ್ತದೆ.

ಒಂದು ಎಚ್ಚರ. 'ಉಚಿತ ಕಲಿಕೆ' ಎಂದು ಹೇಳಿ ಆಮೇಲೆ ದುಡ್ಡು ಕೇಳುವವರು ಇದ್ದಾರೆ. ಬ್ಯಾಂಕಿನ ನಂಬರು, ಎಟಿಎಂ ನಂಬರು ಕೇಳಿದರೆ ಕೂಡಲೇ ಮುಚ್ಚಿಬಿಡಿ. ಕಥೆ ಓದುವುದಕ್ಕೆ ನಿಮ್ಮ ಬ್ಯಾಂಕ್ ಲೆಕ್ಕ ಯಾರಿಗೂ ಬೇಕಾಗಿಲ್ಲ.

ಪರೀಕ್ಷೆ ಬರೆಯುವ ಆಸೆ ಇದ್ದರೆ

ಓದಿಗೆ ಪರೀಕ್ಷೆ ಬೇಕೇ ಬೇಕು ಎಂದೇನಿಲ್ಲ. ಆದರೆ ಕೆಲವರಿಗೆ ಕೈಯಲ್ಲಿ ಒಂದು ಪ್ರಮಾಣಪತ್ರ ಬೇಕು ಅನ್ನಿಸುತ್ತದೆ. ಅದೂ ಸರಿಯೇ.

ಈಗಿನ ಸಾಕ್ಷರತಾ ಕಾರ್ಯಕ್ರಮದ ಹೆಸರು 'ಉಲ್ಲಾಸ್'. 2022ರಿಂದ 2027ರವರೆಗೆ ಎಂದು ಇದನ್ನು ಹಾಕಿಕೊಂಡಿದ್ದಾರೆ. ಹದಿನೈದು ವರ್ಷ ದಾಟಿದ ಯಾರು ಬೇಕಾದರೂ ಸೇರಬಹುದು. ಪರೀಕ್ಷೆ 150 ಅಂಕದ್ದು. ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50. ಶುಲ್ಕ ಇಲ್ಲ.

ಅದಾದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಶಿಕ್ಷಣ ಇದೆ. ಅದರಲ್ಲಿ ಮೂರು ಮೆಟ್ಟಿಲು. ಮೊದಲನೆಯದು ಮೂರನೇ ತರಗತಿಗೆ ಸಮ. ಎರಡನೆಯದು ಐದಕ್ಕೆ ಸಮ. ಮೂರನೆಯದು ಎಂಟಕ್ಕೆ ಸಮ. ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ದಾರಿಯೂ ಇದೆ. ಆದರೆ ಪರೀಕ್ಷೆಗೆ ಶುಲ್ಕ ಇರುತ್ತದೆ. ಪೂರ್ತಿ ಪುಕ್ಕಟೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಏಜೆಂಟರಿಗೆ ದುಡ್ಡು ಕೊಡಬೇಡಿ. ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ನೇರವಾಗಿ ಕೇಳಿ.

"ಈ ವಯಸ್ಸಿಗೆ ಪರೀಕ್ಷೆಯಾ?" ಎಂದು ನಗುವವರಿಗೆ ಕೇರಳದ ಕಾರ್ತ್ಯಾಯಿನಿ ಅಮ್ಮನ ಹೆಸರು ಹೇಳಿ. ಆಲಪ್ಪುಳ ಜಿಲ್ಲೆಯವರು. 2018ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ತೆಗೆದರು. 2020ರಲ್ಲಿ ಅವರಿಗೆ ನಾರಿ ಶಕ್ತಿ ಪುರಸ್ಕಾರ ಬಂತು. 2023ರಲ್ಲಿ ತೀರಿಕೊಂಡರು.

ಸಂಘದಲ್ಲಿ ಓದು

ಒಬ್ಬರೇ ಓದಿದರೆ ನಾಲ್ಕು ದಿನಕ್ಕೆ ಬೇಸರ. ಜೊತೆ ಇದ್ದರೆ ಓದು ಸಾಗುತ್ತದೆ. ನಿಮ್ಮ ಸ್ತ್ರೀಶಕ್ತಿ ಸಂಘ ವಾರಕ್ಕೊಮ್ಮೆ ಸೇರುತ್ತದಲ್ಲ? ಉಳಿತಾಯದ ದುಡ್ಡು ಎಣಿಸುವ ಮುಂಚೆ ಹತ್ತು ನಿಮಿಷ ಓದಿಗೆ ಇಡಿ. ಪುಸ್ತಕ ಇಲ್ಲವೇ? ಸಂಘದ ನಡಾವಳಿ ಪುಸ್ತಕವನ್ನೇ ಓದಿ. ಹೋದ ವಾರ ಏನು ತೀರ್ಮಾನ ಆಯಿತು, ಯಾರು ಎಷ್ಟು ಕಟ್ಟಿದರು, ಒಬ್ಬರು ಜೋರಾಗಿ ಓದಲಿ. ವಾರ ವಾರವೂ ಓದುವವರು ಬದಲಾಗಲಿ.

ನಮ್ಮೂರಲ್ಲಿ ಇದನ್ನು ಶುರು ಮಾಡಿದ್ದು ದೊಡ್ಡಮ್ಮ. ಸಾಲದ ಹಾಳೆಯಲ್ಲಿ ಮೋಸ ಹೋಗಿದ್ದ ಅದೇ ದೊಡ್ಡಮ್ಮ. ಈಗ ಅವರಿಗೆ ಕನ್ನಡಕ ಬಂದಿದೆ. ಎರಡನೇ ಸಲ ಅ ಆ ಇ ಈ ಇಂದ ಕಲಿತರು. ಮೊದಲ ಸಲಕ್ಕಿಂತ ಬೇಗ ಬಂತು ಎನ್ನುತ್ತಾರೆ. ಮರೆತ ಅಕ್ಷರ ಪೂರ್ತಿ ಹೋಗಿರಲಿಲ್ಲವಂತೆ, ಬೂದಿಯೊಳಗಿನ ಕೆಂಡದ ಹಾಗೆ ಇತ್ತಂತೆ.

ಹೋದ ತಿಂಗಳು ಸಂಘದಲ್ಲಿ ಹೊಸ ಸಾಲದ ಹಾಳೆ ಬಂತು. ಎಲ್ಲರೂ ಸಹಿಗೆ ಪೆನ್ನು ತೆಗೆದರು. ದೊಡ್ಡಮ್ಮ ಕೈ ಅಡ್ಡ ಹಿಡಿದರು.

"ತಡೀರೇ, ನಂಗೆ ನಿಧಾನ. ಓದಿ ಮುಗಿಸ್ತೀನಿ."

ಅರ್ಧ ಗಂಟೆ ತೆಗೆದುಕೊಂಡರು. ಯಾರೂ ಎದ್ದು ಹೋಗಲಿಲ್ಲ.

ಮಾಡಿ ನೋಡಿ

1. ನಿಮ್ಮ ಮನೆ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರ ಎಷ್ಟಿದೆ? ಇಲ್ಲಿ ಬರೆಯಿರಿ: ............ ರೂಪಾಯಿ.

2. ನಿಮ್ಮ ಊರಿನ ಗ್ರಂಥಾಲಯದ ಬಾಗಿಲ ಮೇಲಿನ ಬೋರ್ಡು ಓದಿ. ಎಷ್ಟು ಗಂಟೆಗೆ ತೆಗೆಯುತ್ತಾರೆ? ಯಾವ ದಿನ ರಜೆ?

3. ತಾಯಿ ಕಾರ್ಡು ನೋಡಿ. ಮಗುವಿನ ಮುಂದಿನ ಚುಚ್ಚುಮದ್ದು ಯಾವಾಗ? ಚಿಕ್ಕ ಮಗು ಇಲ್ಲದವರು ಪಕ್ಕದ ಮನೆಯ ತಾಯಿಗೆ ಓದಿ ಹೇಳಿ.

4. ಗ್ರಂಥಾಲಯ ಸರಿಯಾದ ಹೊತ್ತಿಗೆ ತೆರೆಯದಿದ್ದರೆ ಈ ಅರ್ಜಿ ಬರೆಯಿರಿ. ಖಾಲಿ ಜಾಗ ತುಂಬಿರಿ.

ಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
............ ಗ್ರಾಮ ಪಂಚಾಯಿತಿ.

ಮಾನ್ಯರೇ,

ನಾವು ............ ಗ್ರಾಮದ ಮಹಿಳೆಯರು. ಹೊಸದಾಗಿ ಓದು ಬರಹ ಕಲಿತಿದ್ದೇವೆ. ಮುಂದೆಯೂ ಓದಬೇಕೆಂದು ಆಸೆ ಇದೆ. ನಾವು ಕೂಲಿ ಕೆಲಸದಿಂದ ಬರುವಾಗ ಸಂಜೆ ............ ಗಂಟೆ ಆಗುತ್ತದೆ. ಆ ಹೊತ್ತಿಗೆ ಗ್ರಂಥಾಲಯ ಮುಚ್ಚಿರುತ್ತದೆ. ವಾರಕ್ಕೆ ಎರಡು ದಿನವಾದರೂ ಸಂಜೆ ............ ಗಂಟೆಯವರೆಗೆ ತೆರೆದಿಡಬೇಕೆಂದು ಕೇಳುತ್ತೇವೆ. ದೊಡ್ಡ ಅಕ್ಷರದ, ತೆಳ್ಳಗಿನ ಪುಸ್ತಕಗಳನ್ನೂ ತರಿಸಿಕೊಡಬೇಕು. ನಾವು ಪ್ರತಿ ವರ್ಷ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ.

ದಿನಾಂಕ: ............
ಸಹಿಗಳು: ............

ಅರ್ಜಿಯನ್ನು ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಮನೆಗೆ ತನ್ನಿ.